ಏಳು ಸೋದರರ ವಿಧವೆ

ಮಸ್ಜಿದ್ ಬಂದರಿನ ಸ್ಯಾಮ್ಯುಯೆಲ್ ಬೀದಿಯ ಯೆಹೂದ್ಯ ಪ್ರಾರ್ಥನಾಮಂದಿರವನ್ನು ೧೭೯೬ರಲ್ಲಿ ಕಟ್ಟಿಸಿದ ದಿವೇಕರರು ಟೀಪುವಿನ ಸೆರೆಯಿಂದ ಬಿಡುಗಡೆಗೊಂಡವರೆಂದು ಬೆನೆ ಇಸ್ರಾಯೇಲರ ಐತಿಹ್ಯ. ಆ ಸಮಾಜವನ್ನು ಕಾಡಿದ ಧರ್ಮಪ್ರಶ್ನೆಯೊಂದು ಬಹು ಪುರಾತನವಾದುದು.

ಸಂತಾನವಿಲ್ಲದೆ ಮಡಿದವನ ವಿಧವೆಯನ್ನು ಸೋದರನು ವರಿಸಬೇಕು. ಒಲ್ಲದಿದ್ದರೆ ಆಕೆ ಅವನ ಪಾದರಕ್ಷೆ ಕಳಚಿ ಬಿಡುಗಡೆ ಹೊಂದಬೇಕು. ಇದು ಮೋಶೆಯ ವಿಧಿ. ನಮ್ಮ ನಿಯೋಗವನ್ನು ನೆನಪಿಸುವಂಥದು. ಹೀಗೆ ಏಳು ಸೋದರರನ್ನು ಒಬ್ಬರಾದ ಮೇಲೊಬ್ಬರಂತೆ ವರಿಸಿದವಳು ಪುನರುತ್ಥಾನದಲ್ಲಿ ಯಾರ ಪತ್ನಿ? ಮರಣೋತ್ತರ ಜೀವನವನ್ನೊಪ್ಪದ ಸದ್ದುಕಾಯರು ಯೇಸುವಿಗೊಡ್ಡಿದ ಸವಾಲಿದು. ಅಲ್ಲಿ ವಿವಾಹವೇ ಇಲ್ಲವೆಂದು ಆತನ ಉತ್ತರ. ಪುನರುತ್ಥಾನವನ್ನು ಫರಿಸಾಯರೂ ನಂಬಿದ್ದರು.

ಪರಲೋಕದ ವಾದ ಹಾಗಿರಲಿ, ಈ ವಿಧಿಯಿಂದ ಇಹದಲ್ಲಿಯೇ ತೊಡಕಾಯಿತು. ಇದನ್ನೂ ವಿಚ್ಛೇದನದ ನಿಯಮವನ್ನೂ ಕೊಂಕಣದ ಪೂರ್ವಜರು ಅರಿತಿರಲಿಲ್ಲವೆಂಬ ಶಂಕೆಯಿಂದ ೧೯೬೨ರಲ್ಲಿ ಇಸ್ರೇಲಿನ ಧರ್ಮಾಧಿಕಾರಿಗಳು ಅಲ್ಲಿಗೆ ವಲಸೆ ಹೋದವರ ವಿವಾಹಕ್ಕೆ ವಂಶಶೋಧನೆ ವಿಧಿಸಿದರು. ಮದುಮಕ್ಕಳು ಅಜ್ಜಿಯರ ಕುಲವನ್ನು ರುಜುವಾತುಪಡಿಸಬೇಕಾಯಿತು! ೧೯೬೪ರಲ್ಲಿ ಜೆರುಸಲೇಮಿನಲ್ಲಿ ಧರಣಿ ಹೂಡಿದ ಮೇಲೆ ಷರತ್ತು ಸಡಿಲಗೊಂಡಿತು.