ನಿಮಗಿದು ಗೊತ್ತೆ? ಹಿಂದಿನ ದೀಪದ ನಾಲ್ಕು ಮೀಟರ್

ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿದು ಬರುವ ಹೆದ್ದಾರಿ 52, ಅಂಕೋಲಾ ತಾಲ್ಲೂಕಿನ ಬಾಳೆಗುಳಿಯಲ್ಲಿ ಕರಾವಳಿಯ ಹೆದ್ದಾರಿ 66ನ್ನು ಸೇರುತ್ತದೆ. ಜಡಿಮಳೆಯ ರಾತ್ರಿ ಇಲ್ಲಿ ಮುಂದಿನ ಲಾರಿಯ ಗುರುತು ಹಿಡಿಯುವುದು ಅದರ ಕೆಂಪು ದೀಪದಿಂದಲೇ. ಆ ದೀಪ 155 ಮೀಟರ್ ದೂರದಿಂದ ಕಾಣಬೇಕೆನ್ನುತ್ತದೆ 1989ರ ಕೇಂದ್ರ ಮೋಟಾರು ವಾಹನ ನಿಯಮ.

ಮುಂದಿನ ವಾಹನ ಬ್ರೇಕ್ ಒತ್ತಿದಾಗ ಅದರ ತಂತಿಯ ಬಲ್ಬು ಕಾದು ಪೂರ್ತಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು. ಎಲ್‌ಇಡಿಗೆ ಕಾಯುವ ಕೆಲಸವೇ ಇಲ್ಲ. ಗಂಟೆಗೆ 80 ಕಿ.ಮೀ. ವೇಗದ ವಾಹನ ಅಷ್ಟರಲ್ಲಿ 4.4 ಮೀಟರ್ ಮುಂದೆ ಹೋಗಿರುತ್ತದೆ. ಹಿಂದಿನ ಚಾಲಕನಿಗೆ ಬ್ರೇಕ್ ಒತ್ತಲು ಸಿಗುವ ಲಾಭ ಅದು.

ತೋಟ, ಮರಳು, ಕೆಸರಿನಲ್ಲಿ ಓಡುವ ನಾಲ್ಕು ಚಕ್ರದ ಎಟಿವಿಗೂ ಎಲ್‌ಇಡಿ ದೀಪ ಹಾಕಬಹುದು. ಸಾಮಾನ್ಯವಾಗಿ ತಂತಿ ಮೂರು: ಅರ್ತ್, ಮಂದ ಬೆಳಕು, ಬ್ರೇಕ್. ಎಲ್‌ಇಡಿ ಒಂದೇ ದಿಕ್ಕಿಗೆ ವಿದ್ಯುತ್ ಬಿಡುವ ಡಯೋಡ್ ಆದ್ದರಿಂದ ಅರ್ತ್ ತಂತಿ ಅದಲುಬದಲಾದರೆ ಬೆಳಗದು. ಎಟಿವಿಯ 12 ವೋಲ್ಟ್ ದೀಪವನ್ನು ಲಾರಿಯ 24 ವೋಲ್ಟಿಗೆ ಕೊಟ್ಟರೆ ಸುಟ್ಟೇಹೋದೀತು. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕುವವರೂ ಇದ್ದಾರೆ. ದುಡ್ಡು ದಂಡ, ಅದರ ಬೆಳಕಿನ ಬಹುಪಾಲನ್ನು ಗಾಜೇ ನುಂಗುತ್ತದೆ. ಕೆಂಪು ಎಲ್‌ಇಡಿಯೇ ಸರಿ.

ಇನ್ನು ನಮ್ಮ ಕರಾವಳಿಯ ಉಪ್ಪುಗಾಳಿ. ಇಲ್ಲಿ ದೀಪ ಕೆಡುವ ಮೊದಲೇ ಕೆಡುವುದು ತಾಮ್ರದ ಜೋಡಣೆ, ಹಸಿರು ಕಿಲುಬು ಹಿಡಿದು. ಬರಿಯ ಟೇಪು ಸುತ್ತಿ ಬಿಡದೆ ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಬೇಕು.