ಚುಕ್ಕಿ ಇಟ್ಟರೆ ಮಾಯ!

ಹೆಸರಿನ ಮೊದಲಿಗೆ ಚುಕ್ಕಿ ಇದ್ದರೆ ಫೈಲು ಕಣ್ಣಿಗೆ ಬೀಳುವುದಿಲ್ಲ. ಯುನಿಕ್ಸ್, ಲಿನಕ್ಸ್‌ಗಳ ಈ ಪದ್ಧತಿ ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ ಇದರ ಕಥೆ ಹೇಳಿದ್ದಾರೆ. ಪ್ರತಿ ಫೋಲ್ಡರಿನಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಎಂಬ ಎರಡು ನಮೂದು ಇರುತ್ತವೆ. ಪಟ್ಟಿಯಲ್ಲಿ ಅವು ಬೇಡವೆಂದು ಕೆನ್ ಥಾಂಪ್ಸನ್ನೋ ಡೆನಿಸ್ ರಿಚಿಯೋ ‘ಎಲ್‌ಎಸ್’ ಆಜ್ಞೆಯನ್ನು ತಿದ್ದಿದರು. ಪೂರ್ತಿ ಹೆಸರು ನೋಡುವ ಗೋಜಿಗೆ ಹೋಗದೆ ಮೊದಲ ಅಕ್ಷರವನ್ನಷ್ಟೇ ನೋಡಿದರು. ಚುಕ್ಕಿಯಿಂದ ಶುರುವಾಗುವುದೆಲ್ಲ ಮರೆಯಾಯಿತು! ಪ್ರೋಗ್ರಾಮುಗಳು ತಮ್ಮ ಸೆಟ್ಟಿಂಗ್‌ಗಳನ್ನೆಲ್ಲ ಅಲ್ಲೇ ತಂದು ತುರುಕಿದವು. 1979ರ ಬೋರ್ನ್ ಶೆಲ್‌ಗೆ ‘ಡಾಟ್ ಪ್ರೊಫೈಲ್’, 1989ರ ಬ್ಯಾಶ್‌ಗೆ ‘ಡಾಟ್ ಬ್ಯಾಶ್‌ಆರ್‌ಸಿ’.

ಬಹುಕಾಲ ಈ ಫೈಲುಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಆಫೀಸಿನ ಹಿರಿಯರ ಫೈಲನ್ನು ಇದ್ದಹಾಗೇ ಇಳಿಸಿಕೊಳ್ಳುವುದು, ಯಾವ ಸಾಲು ಯಾಕಿದೆ ಎಂದು ಕೇಳದಿರುವುದು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್‌ಗಾಗಿ, ಬದಲಾವಣೆಗಳ ಲೆಕ್ಕವಿಡುವ ಗಿಟ್ ಬರೆದರು, 2008ರಲ್ಲಿ ಅದನ್ನು ಹಂಚಿಕೊಳ್ಳುವ ತಾಣ ಗಿಟ್‌ಹಬ್ ತೆರೆಯಿತು. ಈ ಫೈಲುಗಳನ್ನು ಗಿಟ್‌ನಲ್ಲಿ ಇಟ್ಟವರಿಗೆ ಯಾವ ಸಾಲು ಯಾವಾಗ, ಯಾಕೆ ಬಂತು ಎಂಬುದಕ್ಕೆ ದಾಖಲೆ ಉಳಿಯತೊಡಗಿತು. ಅಡಗಿ ಕೂತಿದ್ದ ಫೈಲುಗಳು ಊರಿಗೆಲ್ಲ ಪ್ರದರ್ಶನಕ್ಕೂ ಬಂದವು.

ಇಂಥ ದಾಖಲೆಯ ಬೆಲೆ ಗಡಿಸೀಮೆಯವರಿಗೆ ಬೇಗ ತಿಳಿಯುತ್ತದೆ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಸೊರಡಿಯಂಥ ಊರಿನ ಕಂಪ್ಯೂಟರಿಗೆ ಕನ್ನಡವೂ ಬೇಕು, ಮರಾಠಿಯೂ ಬೇಕು. ಲಿನಕ್ಸ್‌ನಲ್ಲಿ ಅದಕ್ಕೆ ಐಬಸ್ ಎಂಬ ಬರವಣಿಗೆ ವ್ಯವಸ್ಥೆ ಇದೆ. ಕನ್ನಡಕ್ಕೆ ಕೆಜಿಪಿ, ಇನ್‌ಸ್ಕ್ರಿಪ್ಟ್ ವಿನ್ಯಾಸಗಳೂ ಇವೆ. ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಪ್ರೊಫೈಲ್ ಫೈಲಿಗೆ ಐಬಸ್‌ನ ಮೂರು ಸಾಲು ಸೇರಿಸದಿದ್ದರೆ ಕನ್ನಡ ಮೂಡುವುದೇ ಇಲ್ಲ. ಆ ಸಾಲುಗಳು ಗಿಟ್‌ನಲ್ಲಿದ್ದರೆ ಹೊಸ ಲ್ಯಾಪ್‌ಟಾಪಿನಲ್ಲಿ ಮತ್ತೆ ಹುಡುಕಾಡಬೇಕಿಲ್ಲ. ಆದರೆ ಗ್ನೋಮ್ ಡೆಸ್ಕ್‌ಟಾಪ್ ತನ್ನ ಕೀಲಿಮಣೆ ಪಟ್ಟಿಯನ್ನು ಡಿಕಾನ್ಫ್ ಎಂಬ ಬೈನರಿ ಕಡತದಲ್ಲಿ ಇಡುತ್ತದೆ. ಅದರಲ್ಲಿ ಬದಲಾದದ್ದೇನೆಂದು ಗಿಟ್ ಸಾಲು ಸಾಲಾಗಿ ತೋರಿಸಲಾರದು. ‘ಡಿಕಾನ್ಫ್ ಡಂಪ್’ ಆಜ್ಞೆ ಕೊಟ್ಟು ಪಠ್ಯವಾಗಿ ಇಳಿಸಿಯೇ ಗಿಟ್‌ಗೆ ದಾಖಲಿಸಬೇಕು, ಅಂದರೆ ಕಮಿಟ್ ಮಾಡಬೇಕು.

2009ರಲ್ಲಿ ರಾಬಿ ರಸೆಲ್ ಝಡ್‌ಎಸ್‌ಎಚ್ ಶೆಲ್‌ನ ಸೆಟ್ಟಿಂಗ್‌ಗಳಿಗೆಂದು ‘ಓ ಮೈ ಝಡ್‌ಎಸ್‌ಎಚ್’ ಬಿಟ್ಟ ಮೇಲೆ ಪ್ಲಗಿನ್‌ಗಳ ಸುಗ್ಗಿ. ನೂರಾರು ಪ್ಲಗಿನ್‌ಗಳು, ಬಣ್ಣಬಣ್ಣದ ಪ್ರಾಂಪ್ಟ್‌ಗಳು. ಸಿಕ್ಕಿದ್ದನ್ನೆಲ್ಲ ಹಾಕಿಕೊಂಡು ಟರ್ಮಿನಲ್ ತೆರೆಯುವುದನ್ನೇ ಕಾಯುತ್ತ ಕೂರುವವರೂ ಇದ್ದಾರೆ. ಪ್ಲಗಿನ್ ಎಂದರೆ ಬೇರೆಯವರ ಕೋಡು, ನಮ್ಮ ಅಧಿಕಾರದಲ್ಲೇ ಓಡುವಂಥದ್ದು. ಗಿಟ್‌ನ ಸಬ್‌ಮಾಡ್ಯೂಲ್ ಆಗಿ ಸೇರಿಸಿದರೆ ನಿರ್ದಿಷ್ಟ ಕಮಿಟ್ ಒಂದೇ ನಮೂದಾಗುತ್ತದೆ. ನಾವಾಗಿ ಮುಂದಕ್ಕೆ ಸರಿಸುವ ತನಕ ಅದು ಅಲ್ಲೇ ನಿಲ್ಲುತ್ತದೆ.

ಇನ್ನು, ಪಾಸ್‌ವರ್ಡು, ಟೋಕನ್‌ಗಳನ್ನು ಇಂಥ ಫೈಲಿನಲ್ಲಿ ಬರೆದು ಗಿಟ್‌ಹಬ್‌ಗೆ ಏರಿಸಿದವರಿಗೆ ಅಳಿಸುವುದು ಸಾಲದು. ಹಳೆಯ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ. ಆ ಟೋಕನ್ ರದ್ದು ಮಾಡಿ ಹೊಸದನ್ನೇ ಪಡೆಯಬೇಕು.