ಕಣ್ಣು ಕಳೆದುಕೊಳ್ಳುವವರ ಲೆಕ್ಕ ಹಿಡಿದ ವೈದ್ಯೆ

1960ರ ದಶಕದ ಕೊನೆಗೆ ಡಾ. ಪ್ಯಾಟ್ರಿಷಿಯಾ ಬಾತ್ ನ್ಯೂಯಾರ್ಕಿನ ಎರಡು ಕಡೆ ತರಬೇತಿ ಪಡೆದರು. ಒಂದು, ಕಪ್ಪುವರ್ಣೀಯರು ಹೆಚ್ಚಾಗಿ ಬರುತ್ತಿದ್ದ ಹಾರ್ಲೆಂ ಆಸ್ಪತ್ರೆ. ಇನ್ನೊಂದು, ಕೊಲಂಬಿಯಾ ವಿಶ್ವವಿದ್ಯಾಲಯದ ಕಣ್ಣಿನ ಚಿಕಿತ್ಸಾಲಯ. ಹಾರ್ಲೆಂನ ಕಣ್ಣಿನ ವಿಭಾಗಕ್ಕೆ ಬರುತ್ತಿದ್ದವರಲ್ಲಿ ಅರ್ಧದಷ್ಟು ಮಂದಿಗೆ ದೃಷ್ಟಿ ಪೂರ್ತಿ ಹೋಗಿತ್ತು, ಇಲ್ಲವೇ ಮಂಕಾಗಿತ್ತು. ಕೊಲಂಬಿಯಾದಲ್ಲಿ ಅಂಥವರು ತೀರಾ ಕಡಿಮೆ. ಹೀಗೇಕೆ ಎಂದು ಬಾತ್ ಅಂಕಿಅಂಶ ಕಲೆಹಾಕಿದರು. ಕಪ್ಪುವರ್ಣೀಯರಲ್ಲಿ ಅಂಧತ್ವ ಬಿಳಿಯರಿಗಿಂತ ಎರಡು ಪಟ್ಟು ಇತ್ತು. ಹೊತ್ತಿಗೆ ಸರಿಯಾಗಿ ಕಣ್ಣು ನೋಡುವವರೇ ಇಲ್ಲದಿರುವುದು ಇದಕ್ಕೆ ದೊಡ್ಡ ಕಾರಣ ಎಂದು ಅವರು ಕಂಡುಕೊಂಡರು.

ಹಾರ್ಲೆಂ ಆಸ್ಪತ್ರೆಯಲ್ಲಿ ಆಗ ಕಣ್ಣಿನ ಆಪರೇಷನ್ನೇ ಆಗುತ್ತಿರಲಿಲ್ಲ. ಬಾತ್ ತಮ್ಮ ಪ್ರಾಧ್ಯಾಪಕರ ಬೆನ್ನು ಬಿದ್ದು, ಅಲ್ಲಿನ ರೋಗಿಗಳಿಗೆ ದುಡ್ಡು ಪಡೆಯದೆ ಶಸ್ತ್ರಚಿಕಿತ್ಸೆ ಮಾಡಲು ಒಪ್ಪಿಸಿದರು. ಮುಂದೆ ‘ಸಮುದಾಯ ನೇತ್ರವಿಜ್ಞಾನ’ ಎಂಬ ಹೊಸ ಶಾಖೆಯನ್ನೇ ಪ್ರತಿಪಾದಿಸಿದರು. ತರಬೇತಿ ಪಡೆದ ಸ್ವಯಂಸೇವಕರು ವೃದ್ಧರ ಕೇಂದ್ರಗಳಿಗೆ, ಶಿಶುವಿಹಾರಗಳಿಗೆ ಹೋಗಿ ಗ್ಲಾಕೋಮಾ, ಪೊರೆ ಮೊದಲಾದವನ್ನು ಬೇಗ ಪತ್ತೆಹಚ್ಚುವುದು, ಕನ್ನಡಕ ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಕ್ರಮ. 1970ರ ದಶಕದಲ್ಲಿ ಸಂಗಡಿಗರೊಂದಿಗೆ ಅಂಧತ್ವ ತಡೆಗಾಗಿಯೇ ಸಂಸ್ಥೆಯೊಂದನ್ನು ಕಟ್ಟಿದರು.

ನ್ಯೂಯಾರ್ಕಿನ ಹಾರ್ಲೆಂ ಬಡಾವಣೆಯಲ್ಲೇ 1942ರಲ್ಲಿ ಹುಟ್ಟಿದವರು ಬಾತ್. ತಂದೆ ಟ್ರಿನಿಡಾಡಿನಿಂದ ವಲಸೆ ಬಂದು ಸುರಂಗ ರೈಲು ಓಡಿಸುತ್ತಿದ್ದವರು. ತಾಯಿ ಮನೆಗೆಲಸ ಮಾಡಿ ಮಗಳನ್ನು ಓದಿಸಿದವರು. 1975ರಲ್ಲಿ ಬಾತ್ ಲಾಸ್ ಏಂಜಲೀಸಿನ ಜೂಲ್ಸ್ ಸ್ಟೈನ್ ನೇತ್ರ ಸಂಸ್ಥೆಯ ಮೊದಲ ಮಹಿಳಾ ಬೋಧಕಿಯಾದಾಗ ಕಚೇರಿಗೆಂದು ನೆಲಮಾಳಿಗೆಯಲ್ಲಿ, ಪ್ರಯೋಗದ ಪ್ರಾಣಿಗಳ ಪಕ್ಕದ ಕೋಣೆ ತೋರಿಸಿದರಂತೆ. ಜಗಳಕ್ಕೆ ಹೋಗದೆ, ಇದು ತಕ್ಕುದಲ್ಲ ಎಂದಷ್ಟೇ ಹೇಳಿ ಬೇರೆ ಕೋಣೆ ಪಡೆದರು. 1983ರಲ್ಲಿ ನೇತ್ರವೈದ್ಯರ ರೆಸಿಡೆನ್ಸಿ ತರಬೇತಿಯೊಂದರ ಮುಖ್ಯಸ್ಥೆಯಾದರು. ಅಮೆರಿಕದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ.

ಅವರಿಗೆ ಹೆಸರು ತಂದದ್ದು ‘ಲೇಸರ್‌ಫೇಕೊ’ ಎಂಬ, ಕಣ್ಣಿನ ಪೊರೆ ತೆಗೆಯುವ ವಿಧಾನ. ಸುಮಾರು ಒಂದು ಮಿಲಿಮೀಟರ್ ಸೀಳಿನಿಂದ ಕಣ್ಣೊಳಗೆ ಆಪ್ಟಿಕಲ್ ಫೈಬರ್ ಇಳಿಸಿ, ಲೇಸರಿನಿಂದ ಪೊರೆಗಟ್ಟಿದ ಮಸೂರವನ್ನು ಪುಡಿಗೈದು, ತೊಳೆದು ಹೀರಿ ತೆಗೆಯುವುದು. ಆಮೇಲೆ ಕೃತಕ ಲೆನ್ಸ್ ಕೂರಿಸುವುದು. 1981ರಲ್ಲಿ ಹೊಳೆದ ಈ ಯೋಚನೆಯನ್ನು ಬರ್ಲಿನ್ನಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಬಾತ್, 1988ರಲ್ಲಿ ಪೇಟೆಂಟ್ ಪಡೆದರು. ಉತ್ತರ ಆಫ್ರಿಕಾದಲ್ಲಿ 30 ವರ್ಷ ಕಣ್ಣು ಕಾಣದಿದ್ದ ಮಹಿಳೆಯೊಬ್ಬರಿಗೆ ಕೃತಕ ಕಾರ್ನಿಯಾ ಅಳವಡಿಸಿ ದೃಷ್ಟಿ ಮರಳಿಸಿದ್ದನ್ನು ಅವರು ಸಂತೋಷದಿಂದ ನೆನೆಯುತ್ತಿದ್ದರು.

ಇಂದು ಪೊರೆ ತೆಗೆಯಲು ಹೆಚ್ಚಾಗಿ ಬಳಸುವುದು ಚಾರ್ಲ್ಸ್ ಕೆಲ್ಮನ್ ರೂಪಿಸಿದ ಅಲ್ಟ್ರಾಸೌಂಡ್ ವಿಧಾನವನ್ನೇ. ಬಾತ್ 2019ರಲ್ಲಿ ತೀರಿಕೊಂಡರು. ಮೂರು ವರ್ಷಗಳ ಬಳಿಕ ಅಮೆರಿಕದ ಆವಿಷ್ಕಾರಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿದ್ದು ಲೇಸರ್ ಉಪಕರಣಕ್ಕಾಗಿ. ಆದರೆ ಅವರು ಯಂತ್ರಕ್ಕೂ ಮೊದಲೇ ಎತ್ತಿದ್ದ ಪ್ರಶ್ನೆ ಇನ್ನೂ ದೊಡ್ಡದು: ಚಿಕಿತ್ಸೆ ಇರುವ ಕಾಯಿಲೆಯಿಂದಲೂ ಒಂದೇ ಊರಿನಲ್ಲಿ ಕೆಲವರಷ್ಟೇ ಏಕೆ ಕಣ್ಣು ಕಳೆದುಕೊಳ್ಳುತ್ತಾರೆ?